ರಾತ್ರಿ ಬಸ್ಸಿಗೆ ಮುಂಚೆ ಒಂದು ಊರು

ನಿರ್ಣಾ, ಮುತ್ತಂಗಿ, ಚಿಟಗುಪ್ಪ ಕಡೆಯಿಂದ ದೂರದ ಊರಿಗೆ ಹೊರಡುವವರಿಗೆ ಪ್ರಯಾಣವೆಂದರೆ ರಾತ್ರಿ ಬಸ್ಸು. ಮಧ್ಯಾಹ್ನವೇ ಬುತ್ತಿ ಕಟ್ಟಿ ಆಗಿರುತ್ತದೆ: ಕಟಕ ರೊಟ್ಟಿ, ಶೇಂಗಾ ಹಿಂಡಿ, ಒಂದಿಷ್ಟು ಪಲ್ಯ. ಹೊತ್ತು ಮುಳುಗುವ ಮೊದಲೇ ಹಳ್ಳಿಯ ಗಾಡಿ ಹಿಡಿದು ಹುಮನಾಬಾದಿಗೆ ಬಂದು, ಚೀಲ ಕಾಲಬುಡದಲ್ಲಿ ಇಟ್ಟುಕೊಂಡು ಕೂತರೆ ಮುಂದೆ ಕಾಯುವುದೊಂದೇ ಕೆಲಸ. ‘ಕಾಕಾ, ಪುಣೆ ಗಾಡಿ ಹೋಯ್ತೇನ್ರಿ?’ ಎಂದು ಒಬ್ಬ ಕೇಳುತ್ತಾನೆ. ‘ಇನ್ನಾ ಬಂದಿಲ್ಲ ತಮ್ಮಾ, ಜಹೀರಾಬಾದ್ ದಾಟ್ಯಾದಂತ, ಕೂಡು’ ಎಂದು ಚಹಾ ಅಂಗಡಿಯವರು ಹೇಳುತ್ತಾರೆ. ಎಲ್ಲರೂ ಕೂಡುತ್ತಾರೆ.

ಹೀಗೆ ಕೂತು ಕಳೆಯುವ ತಾಸುಗಳನ್ನು ಎದ್ದು ಓಡಾಡಿ ಕಳೆಯಬೇಕು ಎಂಬುದು ಈ ಬರಹದ ಒತ್ತಾಯ. ದುಡಿಮೆಗೆ, ಓದಿಗೆ, ಮದುವೆಯಾಗಿ ಗಂಡನ ಮನೆಗೆ ಎಂದು ಈ ನೆಲ ಬಿಟ್ಟು ಹೋಗುವವರು ತಮ್ಮ ಬಸ್ಸು ನಿಲ್ಲುವ ಊರನ್ನೇ ನೋಡಿರುವುದಿಲ್ಲ. ಬೆಂಗಳೂರಿನ ಲಾಲ್‌ಬಾಗು, ಹೈದರಾಬಾದಿನ ಚಾರ್‌ಮಿನಾರ್ ನೋಡಿ ಬಂದವರಿಗೆ ಬಸವಕಲ್ಯಾಣದ ಕೋಟೆಯ ಒಳಗೆ ಏನಿದೆ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ತಪ್ಪು ಅವರದಷ್ಟೇ ಅಲ್ಲ. ಈ ಊರುಗಳನ್ನು ನಾವು ‘ದಾಟಿ ಹೋಗುವ ಊರು’ ಎಂದೇ ಮಕ್ಕಳಿಗೆ ಪರಿಚಯಿಸಿದ್ದೇವೆ.

ಕಾಯುವ ಹೊತ್ತು ಇಷ್ಟು ಉದ್ದವಾಗಲು ಕಾರಣ ಭೂಗೋಳದಲ್ಲಿದೆ. ಹುಮನಾಬಾದಿನಲ್ಲಿ ಎರಡು ರಾಷ್ಟ್ರೀಯ ಹೆದ್ದಾರಿಗಳು ಕೂಡುತ್ತವೆ. ಪುಣೆಯಿಂದ ಸೊಲ್ಲಾಪುರ, ಹೈದರಾಬಾದ್ ಮುಟ್ಟಿ ಮಚಲಿಪಟ್ಟಣದ ಕಡಲತನಕ ಹೋಗುವ 65ನೇ ಹೆದ್ದಾರಿ ಪಡುವಣ–ಮೂಡಣವಾಗಿ ಹಾದಿದೆ. ನಾಂದೇಡದಿಂದ ಬೀದರ್, ಕಲಬುರಗಿ, ವಿಜಯಪುರ ದಾಟಿ ಚಿತ್ರದುರ್ಗಕ್ಕೆ ಇಳಿಯುವ 50ನೇ ಹೆದ್ದಾರಿ ಬಡಗಣ–ತೆಂಕಣವಾಗಿ ಹಾದಿದೆ. ಪುಣೆ ಇಲ್ಲಿಂದ ಸುಮಾರು 400 ಕಿಲೋಮೀಟರ್, ಬೆಂಗಳೂರು ಆರುನೂರೈವತ್ತರ ಆಸುಪಾಸು. ಇಷ್ಟು ದೂರದ ಬಸ್ಸು ಬೆಳಗಿನ ಜಾವ ಊರು ಮುಟ್ಟಬೇಕೆಂದರೆ ಸಂಜೆಯೋ ರಾತ್ರಿಯೋ ಬಿಡಲೇಬೇಕು. ಬೆಳಿಗ್ಗೆ ಇಳಿದವನು ನೇರ ಕೆಲಸಕ್ಕೆ ಹೋಗಬಹುದು, ಒಂದು ದಿನದ ಕೂಲಿ ಉಳಿಯುತ್ತದೆ, ಲಾಡ್ಜಿನ ಖರ್ಚೂ ತಪ್ಪುತ್ತದೆ. ಹೈದರಾಬಾದಿನಿಂದ ಸಂಜೆ ಹೊರಟ ಬಸ್ಸು ಹುಮನಾಬಾದ್ ತಲುಪಲು ಮೂರು ನಾಲ್ಕು ತಾಸು ಬೇಕು. ಹಳ್ಳಿಗಳಿಂದ ಬರುವ ಗಾಡಿಗಳಾದರೋ ಕತ್ತಲಾಗುವುದರೊಳಗೆ ಮುಗಿಯುತ್ತವೆ. ಈ ಎರಡರ ನಡುವಿನ ಹೊತ್ತೇ ನಮ್ಮ ಕಾಯುವಿಕೆ. 2017ರ ಅಕ್ಟೋಬರಿನಲ್ಲಿ ಬೀದರ್–ಕಲಬುರಗಿ ರೈಲು ಮಾರ್ಗ ತೆರೆದ ಮೇಲೆ ಹುಮನಾಬಾದಿನಲ್ಲಿ ರೈಲು ಹತ್ತುವವರೂ ಹೆಚ್ಚಿದರು. ಬಸವಕಲ್ಯಾಣಕ್ಕೆ ರೈಲಿಲ್ಲ, ಅಲ್ಲಿಯವರಿಗೆ ಈಗಲೂ ಬಸ್ಸೇ ಗತಿ.

ಕಡಲ ಕಡೆಯ ಊರುಗಳಲ್ಲಿ ಇದೇ ಕಾಯುವಿಕೆ ಒಂದು ಓಣಿಯನ್ನೇ ಬೆಳೆಸಿದೆ. ಮಂಗಳೂರಿನ ಬಂದರು ಪ್ರದೇಶವನ್ನು ನೋಡಿ. ಲಕ್ಷದ್ವೀಪಕ್ಕೆ ಹೋಗುವವರು, ಅಲ್ಲಿಂದ ಆಸ್ಪತ್ರೆಗೋ ವ್ಯಾಪಾರಕ್ಕೋ ಬಂದವರು ಹಡಗಿನ ದಿನಕ್ಕಾಗಿ ಅಲ್ಲಿ ತಂಗುತ್ತಾರೆ. ಅಕ್ಕಿ, ಈರುಳ್ಳಿ, ತರಕಾರಿ, ಸಿಮೆಂಟು ಹೇರಿದ ಮಂಜಿ ಎಂಬ ಸರಕು ದೋಣಿಗಳು ಹಳೆಯ ಬಂದರಿನಿಂದ ದ್ವೀಪಗಳಿಗೆ ಹೊರಡುತ್ತವೆ. ಮಳೆಗಾಲದಲ್ಲಿ ಕಡಲು ಕೆರಳಿದಾಗ ಎಲ್ಲವೂ ದಡದಲ್ಲೇ ನಿಲ್ಲುತ್ತವೆ. ಹಡಗಿಗೆ ಕಾಯುವವರು ಅಲ್ಲಿನ ಸಗಟು ಅಂಗಡಿಗಳ ಸಾಲಿನಲ್ಲಿ ನಡೆದು, ಮರದ ಕೆತ್ತನೆಗೆ ಹೆಸರಾದ ಝೀನತ್ ಬಕ್ಷ್ ಮಸೀದಿ ನೋಡಿ, ರಥಬೀದಿಯ ತನಕ ಹೋಗಿ ಬರುತ್ತಾರೆ. ಅಮಿನಿ, ಕಡ್ಮತ್, ಕಿಲ್ತಾನ್, ಚೆಟ್ಲತ್ ಮೊದಲಾದ ಅಮಿನ್‌ದೀವಿ ದ್ವೀಪಗಳು 1799ರ ನಂತರ ಬ್ರಿಟಿಷರ ಕಾಲದಲ್ಲಿ ಮಂಗಳೂರಿನಿಂದಲೇ ಆಳಿಸಿಕೊಂಡವು, ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದವು. 1956ರ ನವೆಂಬರ್ 1ರಂದು ಅವು ಕೇಂದ್ರಾಡಳಿತಕ್ಕೆ ಸೇರಿದವು. ಅದೇ ದಿನ ಹೈದರಾಬಾದ್ ರಾಜ್ಯದಲ್ಲಿದ್ದ ಬೀದರ್, ಕನ್ನಡದ ರಾಜ್ಯಕ್ಕೆ ಬಂದು ಸೇರಿತು. ರಾಜ್ಯದ ಗೆರೆಗಳು ಬದಲಾದರೂ ಜನ ಹತ್ತಿ ಇಳಿಯುವ ಊರು ಬದಲಾಗಲಿಲ್ಲ. ದ್ವೀಪದವರು ಇಂದಿಗೂ ಮಂಗಳೂರಿಗೆ ಬರುತ್ತಾರೆ, ಬೀದರ್ ಜಿಲ್ಲೆಯವರು ಇಂದಿಗೂ ಹೈದರಾಬಾದಿಗೆ ಹೋಗುತ್ತಾರೆ. ನಮ್ಮ ರಾತ್ರಿ ಬಸ್ಸೇ ನಮ್ಮ ಹಡಗು ಎಂದುಕೊಂಡರೆ ಹುಮನಾಬಾದ್, ಬಸವಕಲ್ಯಾಣಗಳು ನಮ್ಮ ಬಂದರುಗಳು.

ಮೊದಲು ಹುಮನಾಬಾದ್. ಕೈಯಲ್ಲಿ ಎರಡು ಮೂರು ತಾಸು ಇದ್ದರೆ ಸಾಕು. ಹೆದ್ದಾರಿಯ ಗದ್ದಲ ಬಿಟ್ಟು ಹಳೆಯ ಊರಿನ ಒಳಗೆ ನಡೆದರೆ ವೀರಭದ್ರೇಶ್ವರ ದೇವಸ್ಥಾನ ಸಿಗುತ್ತದೆ. 1725ರಲ್ಲಿ ರಾಜಾ ರಾಮಚಂದ್ರ ಜಾಧವ ಕಟ್ಟಿಸಿದ್ದು ಎಂದು ದಾಖಲೆ ಹೇಳುತ್ತದೆ. ಗುಡಿಯ ಸುತ್ತಲಿನ ಓಣಿಗಳೇ ಹಳೆಯ ಹುಮನಾಬಾದ್. ಕಾಯಿ, ಕುಂಕುಮ, ಭಂಡಾರದ ಅಂಗಡಿಗಳು, ಅವುಗಳ ಬೆನ್ನಿಗೆ ಕಾಳುಕಡಿ ಮಾರುವವರು, ಬಟ್ಟೆ ಅಂಗಡಿಯವರು. ಜನವರಿಯ ಕೊನೆಯಲ್ಲಿ ಜಾತ್ರೆ ನಡೆಯುವಾಗ ಈ ಓಣಿಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಪುರವಂತರು ಒಡಪು ಹೇಳುತ್ತಾರೆ, ಅಗ್ಗಿ ಹಾಯುತ್ತಾರೆ, ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣ ಮೂರೂ ಕಡೆಯಿಂದ ಭಕ್ತರು ಬರುತ್ತಾರೆ. ಜಾತ್ರೆ ಇಲ್ಲದ ದಿನ ಹೋದರೆ ಗುಡಿಯ ಕಲ್ಲುಗೆಲಸವನ್ನು ನಿಧಾನವಾಗಿ ನೋಡಲು ಆಗುತ್ತದೆ. ಬಸ್ಸಿಗೆ ಹೋಗುವವರಿಗೆ ಇದೇ ಒಳ್ಳೆಯ ಹೊತ್ತು.

ಅಲ್ಲಿಂದ ಆಟೊ ಹಿಡಿದರೆ ಊರಿಗೆ ಅಂಟಿಕೊಂಡೇ ಇರುವ ಮಾಣಿಕನಗರ. ಮಾಣಿಕಪ್ರಭುಗಳು 1817ರಲ್ಲಿ ಬಸವಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ ಹುಟ್ಟಿದವರು. 1865ರಲ್ಲಿ ಇಲ್ಲಿಯೇ ಸಮಾಧಿ ಹೊಂದಿದರು. ಅವರು ಸ್ಥಾಪಿಸಿದ ಪಂಥದ ಹೆಸರು ಸಕಲಮತ ಸಂಪ್ರದಾಯ. ಎಲ್ಲ ಮತಗಳೂ ಒಂದೇ ಸತ್ಯದ ಕಡೆ ಹೋಗುತ್ತವೆ, ಯಾವುದನ್ನೂ ಜರಿಯಬಾರದು ಎಂಬುದು ಅದರ ತಿರುಳು. ದತ್ತನ ಅವತಾರವೆಂದು ಹಿಂದೂಗಳು, ಮೆಹಬೂಬ್ ಸುಭಾನಿಯ ರೂಪವೆಂದು ಮುಸ್ಲಿಮರು ಅವರನ್ನು ನಂಬಿದರು. ಮರಾಠಿ, ಹಿಂದಿ, ಕನ್ನಡ, ಸಂಸ್ಕೃತಗಳಲ್ಲಿ ಅವರು ಪದಗಳನ್ನು ಕಟ್ಟಿದ್ದಾರೆ. ಒಬ್ಬನೇ ಮನುಷ್ಯ ಇಷ್ಟು ಭಾಷೆಗಳಲ್ಲಿ ಹಾಡು ಕಟ್ಟುವುದು ಬೇರೆ ಕಡೆ ಸೋಜಿಗ ಎನಿಸಬಹುದು. ಬೀದರ್ ಸೀಮೆಯಲ್ಲಿ ಅದು ಸಹಜ. ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕೇಳುವುದರೊಳಗೆ ನಾವೇ ಎರಡು ಭಾಷೆ ಆಡಿರುತ್ತೇವೆ. ಸಂಜೆಯ ಹೊತ್ತು ಮಾಣಿಕನಗರದ ಅಂಗಳದಲ್ಲಿ ಅರ್ಧ ತಾಸು ಕೂತು ಬನ್ನಿ, ಮುಂದಿನ ರಾತ್ರಿಯ ಪ್ರಯಾಣ ಹಗುರಾಗುತ್ತದೆ.

ಮುಂಜಾನೆಯೇ ಮನೆ ಬಿಡಲು ಆಗುವುದಾದರೆ ಜಲಸಂಗ್ವಿಯನ್ನೂ ಸೇರಿಸಿಕೊಳ್ಳಿ. ಹುಮನಾಬಾದಿನಿಂದ ದೂರವಿಲ್ಲ. ಅಲ್ಲಿನ ಚಾಲುಕ್ಯರ ಕಾಲದ ಶಿವಾಲಯ ಜೀರ್ಣವಾಗಿದೆ, ಆದರೆ ಹೊರಗೋಡೆಯ ಶಿಲಾಬಾಲಿಕೆಯರು ಇದ್ದಾರೆ. ಅವರಲ್ಲಿ ಒಬ್ಬಳ ಮುಂದೆ ನಿಲ್ಲಲೇಬೇಕು. ಬೇರೆ ಗುಡಿಗಳಲ್ಲಿ ಕನ್ನಡಿ ಹಿಡಿದವಳು, ಮುಡಿ ಹಿಂಡುವವಳು, ಕುಣಿಯುವವಳು ಸಿಗುತ್ತಾರೆ. ಇವಳು ಬರೆಯುತ್ತಿದ್ದಾಳೆ. ಮೈ ತುಸು ಬಳುಕಿಸಿ ನಿಂತು, ಕೈಯೆತ್ತಿ, ಹಲಗೆಯ ಮೇಲೆ ಅಕ್ಷರ ಮೂಡಿಸುತ್ತಿದ್ದಾಳೆ. ಆ ಅಕ್ಷರಗಳು ಬರಿಯ ಗೀರುಗಳಲ್ಲ, ಓದಬಹುದಾದ ಶಾಸನ. ಚಾಲುಕ್ಯ ವಿಕ್ರಮಾದಿತ್ಯನನ್ನು ಹೊಗಳುವ ಸಂಸ್ಕೃತ ಪದ್ಯ. ಒಂಬತ್ತು ನೂರು ವರ್ಷಗಳ ಹಿಂದೆ ನಮ್ಮ ಸೀಮೆಯ ಶಿಲ್ಪಿಯೊಬ್ಬ ಹೆಣ್ಣಿನ ಚೆಲುವನ್ನು ತೋರಿಸಲು ಅವಳ ಕೈಗೆ ಬರವಣಿಗೆಯ ಸಲಕರಣೆ ಕೊಟ್ಟಿದ್ದಾನೆ. ಕಾಲೇಜಿಗೆಂದು ರಾತ್ರಿ ಬಸ್ಸು ಹತ್ತುವ ಹೆಣ್ಣುಮಕ್ಕಳು ಅವಳನ್ನು ನೋಡದೆ ಹೋಗಬಾರದು.

ಇನ್ನು ಬಸವಕಲ್ಯಾಣ. ಹುಮನಾಬಾದಿನಿಂದ ಪಡುವಣಕ್ಕೆ ಸುಮಾರು 30 ಕಿಲೋಮೀಟರ್. ರಾಜೇಶ್ವರ ದಾಟಿ ಸಸ್ತಾಪುರ ಬಂಗ್ಲಾದಲ್ಲಿ ಹೆದ್ದಾರಿ ಬಿಟ್ಟು ಒಳಗೆ ತಿರುಗಬೇಕು. ರಾತ್ರಿ ಬಸ್ಸುಗಳಲ್ಲಿ ಎಷ್ಟೋ ಊರೊಳಗೆ ಬರದೆ ಈ ಬಂಗ್ಲಾದ ಬಳಿಯೇ ನಿಂತು ಹೋಗುತ್ತವೆ. ಹಾಗಾಗಿ ಕಲ್ಯಾಣವೆಂದರೆ ಲಾರಿಗಳು, ಗ್ಯಾರೇಜುಗಳು, ಧಾಬಾಗಳು ಎಂದು ಪ್ರಯಾಣಿಕರು ತಿಳಿದಿರುತ್ತಾರೆ. ಲಾರಿಯ ವ್ಯವಹಾರ ಈ ಊರಿನ ಎಷ್ಟೋ ಮನೆಗಳಿಗೆ ಅನ್ನ ಕೊಟ್ಟಿದೆ, ಅದು ಚಿಕ್ಕ ಮಾತಲ್ಲ. ಆದರೆ ಊರು ಇರುವುದು ಒಳಗೆ.

ಒಳಗೆ ಬಂದವರು ಕೋಟೆಯಿಂದ ಶುರು ಮಾಡುವುದು ಒಳ್ಳೆಯದು. ಬೇರೆ ಕೋಟೆಗಳಂತೆ ಇದು ಬೆಟ್ಟದ ತುದಿಯಲ್ಲಿ ಕೂತು ಹತ್ತು ಮೈಲಿಯಿಂದ ಕಾಣುವುದಿಲ್ಲ. ಬಂಡೆ, ದಿಬ್ಬಗಳ ಮರೆಯಲ್ಲಿ ಹೊಂದಿಸಿ ಕಟ್ಟಿರುವುದರಿಂದ ಹತ್ತಿರ ಬಂದ ಮೇಲೆಯೇ ಗೋಡೆಗಳು ಎದ್ದು ಕಾಣುತ್ತವೆ. ಚಾಲುಕ್ಯರು ಹಾಕಿದ ಬುನಾದಿಯ ಮೇಲೆ ಬಹಮನಿಗಳೂ ಆಮೇಲೆ ಬಂದವರೂ ಕಟ್ಟಿದರು. ತೋಪುಗಳ ಕಾಲಕ್ಕೆ ತಕ್ಕಂತೆ ಬುರುಜುಗಳು ದಪ್ಪವಾದವು. 1657ರಲ್ಲಿ ಔರಂಗಜೇಬ ಬೀದರ್ ಗೆದ್ದ ಬೆನ್ನಿಗೇ ಈ ಕೋಟೆಗೆ ಮುತ್ತಿಗೆ ಹಾಕಿ ಹಿಡಿದ. ಮುಂದೆ ಇದು ಕಲ್ಯಾಣಿಯ ನವಾಬರ ಜಾಗೀರಾಯಿತು. ಒಳಗಿನ ವಸ್ತುಸಂಗ್ರಹಾಲಯದಲ್ಲಿ ಈ ಸೀಮೆಯಲ್ಲಿ ಸಿಕ್ಕ ಜೈನ ಶಿಲ್ಪಗಳೂ ಇವೆ. ಒಂದೇ ಬಾಗಿಲಿನ ಒಳಗೆ ಜೈನ ಮೂರ್ತಿ, ಚಾಲುಕ್ಯರ ಕಂಬ, ನವಾಬರ ಮಹಲು ಮೂರನ್ನೂ ನೋಡಿದರೆ ಶಾಲೆಯ ಪುಸ್ತಕದಲ್ಲಿ ಬೇರೆ ಬೇರೆ ಪಾಠಗಳಾಗಿ ಓದಿದ್ದು ಒಂದೇ ಊರಿನ ಕತೆ ಎಂದು ತಿಳಿಯುತ್ತದೆ.

ಕೋಟೆಯಿಂದ ಊರ ನಡುವಿನ ಬಸವೇಶ್ವರ ದೇವಸ್ಥಾನದ ಕಡೆಗೆ ನಡೆದೇ ಹೋಗಬೇಕು. ವಾಹನದಲ್ಲಿ ಹೋದರೆ ಹಳೆಯ ಬಜಾರು ತಪ್ಪಿಹೋಗುತ್ತದೆ. ಇಕ್ಕಟ್ಟಾದ ರಸ್ತೆಗಳು, ಎರಡೂ ಕಡೆ ಅಂಗಡಿ, ಕನ್ನಡ, ಉರ್ದು, ಮರಾಠಿ ಫಲಕಗಳು. ಕಬ್ಬಿಣದ ಸಾಮಾನಿನ ಅಂಗಡಿಯ ಪಕ್ಕ ವಿಭೂತಿ ರುದ್ರಾಕ್ಷಿಯ ಅಂಗಡಿ, ಅದರ ಪಕ್ಕ ಅತ್ತರು. ದೇವಸ್ಥಾನ ನೋಡಿ ಪರುಷಕಟ್ಟೆ ಎಲ್ಲಿ ಎಂದು ಯಾರನ್ನು ಕೇಳಿದರೂ ಕೈ ತೋರಿಸುತ್ತಾರೆ. ಬಸವಣ್ಣನವರು ಕೂತು ಜನರ ಅಹವಾಲು ಕೇಳುತ್ತಿದ್ದ ಕಟ್ಟೆ ಎಂಬ ನಂಬಿಕೆ ಅದಕ್ಕಿದೆ. ಹುಲಿಯನ್ನೇರಿ ಬಂದರೆಂದು ಜನ ಹೇಳುವ ಸೂಫಿ ಸಂತ ರಾಜಾ ಬಾಗ್ ಸವಾರರ ದರ್ಗಾ ಕೂಡ ಇದೇ ಊರಿನಲ್ಲಿದೆ. ಎರಡು ಕಡೆಗೂ ಹರಕೆ ಹೊತ್ತು ಹೋಗುವ ಮನೆತನಗಳು ನಮ್ಮಲ್ಲಿ ಇವೆ.

ಆಮೇಲೆ ತ್ರಿಪುರಾಂತಕ ಕೆರೆ. ಇದರ ಸುತ್ತಮುತ್ತ ಶರಣರ ಹೆಸರಿನ ಗವಿಗಳಿವೆ: ಅಕ್ಕನಾಗಮ್ಮನ ಗವಿ, ನುಲಿಯ ಚಂದಯ್ಯನ ಗವಿ. ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರು ಮುಂದೆ ನಿಂತು ಕಟ್ಟಿಸಿದ ಅನುಭವ ಮಂಟಪವೂ ಇಲ್ಲೇ. ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದವರು ಪಟ್ಟದ್ದೇವರು. ಹೊಸ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. 108 ಅಡಿ ಎತ್ತರದ ಬಸವಣ್ಣನ ಪ್ರತಿಮೆ ದೂರದಿಂದಲೇ ಕಾಣುತ್ತದೆ. ದೊಡ್ಡದನ್ನು ಎಲ್ಲರೂ ನೋಡುತ್ತಾರೆ, ನೀವು ಗವಿಗಳಿಗೂ ಹೋಗಿ. ನುಲಿಯ ಚಂದಯ್ಯ ಕೆರೆಯಂಚಿನ ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರಿ ಬದುಕಿದ ಶರಣ. ಆ ತಂಪಾದ, ತಗ್ಗಾದ ಕಲ್ಲಿನ ಕೋಣೆಯೊಳಗೆ ತಲೆ ಬಗ್ಗಿಸಿ ನಿಂತಾಗ ‘ಕಾಯಕ’ ಎಂಬುದು ಭಾಷಣದ ಮಾತಾಗಿ ಉಳಿಯುವುದಿಲ್ಲ. ಕೈಕೆಲಸಕ್ಕೆಂದೇ ಊರು ಬಿಟ್ಟು ಹೊರಟವನಿಗೆ ಆ ಶರಣ ತನ್ನ ಮನೆಯವನೇ ಎನಿಸುತ್ತಾನೆ.

ಈ ಊರನ್ನು ಪ್ರಯಾಣಕ್ಕೆ ಮುಂಚೆ ನೋಡಬೇಕು ಎನ್ನುವುದಕ್ಕೆ ಇನ್ನೂ ದೊಡ್ಡ ಕಾರಣವಿದೆ. ಕಲ್ಯಾಣವನ್ನು ಕಟ್ಟಿದವರೇ ಪ್ರಯಾಣಿಕರು. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯ ದೊರೆ ಒಂದನೆಯ ಸೋಮೇಶ್ವರ ಮಾನ್ಯಖೇಟದಿಂದ ರಾಜಧಾನಿಯನ್ನು ಇಲ್ಲಿಗೆ ತಂದ. ಆರನೆಯ ವಿಕ್ರಮಾದಿತ್ಯ 1076ರಿಂದ ಐವತ್ತು ವರ್ಷ ಆಳಿದ. ಅವನ ಆಸ್ಥಾನಕ್ಕೆ ಕಾಶ್ಮೀರದಿಂದ ಕವಿ ಬಿಲ್ಹಣ ಬಂದು ‘ವಿಕ್ರಮಾಂಕದೇವಚರಿತ’ ಬರೆದ. ವಿಜ್ಞಾನೇಶ್ವರ ‘ಮಿತಾಕ್ಷರಾ’ ಬರೆದದ್ದು ಈ ಊರಿನಲ್ಲಿ. ಬಂಗಾಳ, ಅಸ್ಸಾಂ ಬಿಟ್ಟು ಭಾರತದ ಬಹುಪಾಲು ಕಡೆ ಹಿಂದೂ ಕುಟುಂಬಗಳ ಆಸ್ತಿ ಹಂಚಿಕೆ ಶತಮಾನಗಳ ಕಾಲ ಆ ಗ್ರಂಥದ ಪ್ರಕಾರ ನಡೆಯಿತು, ನ್ಯಾಯಾಲಯಗಳಲ್ಲಿ ಅದರ ಹೆಸರು ಇಂದಿಗೂ ಕೇಳುತ್ತದೆ.

ಹನ್ನೆರಡನೆಯ ಶತಮಾನದಲ್ಲಿ ಬಂದವರ ಪಟ್ಟಿ ಇನ್ನೂ ಉದ್ದ. ಬಸವಣ್ಣ ಬಾಗೇವಾಡಿಯವರು, ಕೂಡಲಸಂಗಮದಲ್ಲಿ ಬೆಳೆದು ಮಂಗಳವೇಢೆಯ ಮೂಲಕ ಕಲ್ಯಾಣಕ್ಕೆ ಬಂದರು. ಸಿದ್ಧರಾಮ ಸೊನ್ನಲಿಗೆಯಿಂದ, ಅಂದರೆ ಇಂದಿನ ಸೊಲ್ಲಾಪುರದಿಂದ ಬಂದರು. ಅಲ್ಲಮಪ್ರಭು ಬಳ್ಳಿಗಾವಿಯಿಂದ, ಅಕ್ಕಮಹಾದೇವಿ ಉಡುತಡಿಯಿಂದ. ಮೋಳಿಗೆಯ ಮಾರಯ್ಯ ಕಾಶ್ಮೀರದಿಂದ, ಮರುಳಶಂಕರದೇವ ಅಫ್ಗಾನಿಸ್ತಾನದ ಕಡೆಯಿಂದ ಬಂದರೆಂದು ಶರಣ ಪರಂಪರೆ ಹೇಳುತ್ತದೆ. ನಕ್ಷೆ ತೆಗೆದು ನೋಡಿ: ಸೊಲ್ಲಾಪುರ, ಮಂಗಳವೇಢೆ ಎರಡೂ ನಮ್ಮ ಪುಣೆ ಬಸ್ಸು ಓಡುವ ದಿಕ್ಕಿನಲ್ಲೇ ಇವೆ. ನಾವು ನಿದ್ದೆಯಲ್ಲಿ ದಾಟುವ ಸೀಮೆಯನ್ನು ಅವರು ಎದುರು ದಿಕ್ಕಿನಿಂದ ನಡೆದು ಬಂದಿದ್ದರು. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಜಾತಿ ಮೀರಿ ಮದುವೆಯಾದದ್ದು, ಅದರಿಂದ ಎದ್ದ ಹಿಂಸೆ, 1167–68ರ ಹೊತ್ತಿಗೆ ದೊರೆ ಬಿಜ್ಜಳನ ಕೊಲೆ, ಶರಣರು ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಾಡಿನ ಕಡೆ ಹೊರಟದ್ದು, ಇವೆಲ್ಲ ನಮಗೆ ಗೊತ್ತಿರುವ ಕತೆ. ಆ ಕತೆಯ ಕೊನೆಯೂ ಒಂದು ಪ್ರಯಾಣವೇ. ಅವರು ಹೊತ್ತು ಹೋದದ್ದರಿಂದ ವಚನಗಳು ಉಳಿದವು.

ಹೊರಟವರನ್ನು ಕಲ್ಯಾಣ ಬಿಟ್ಟುಕೊಟ್ಟಿಲ್ಲ ಎನ್ನುವುದಕ್ಕೆ ಹೈದರಾಬಾದಿನಲ್ಲಿ ಒಂದು ಸಾಕ್ಷಿ ಇದೆ. ಕಲ್ಯಾಣಿಯ ನವಾಬರಿಗೆ ಅಲ್ಲಿನ ಮುರ್ಗಿ ಚೌಕ್ ಬಳಿ ದೇವಡಿ ಎಂಬ ಮಹಲು ಇತ್ತು. ಕಲ್ಯಾಣಿಯಿಂದ ಕೋರ್ಟು ಕಚೇರಿ ಎಂದು ಬಂದವರಿಗೆ ಆ ದೇವಡಿಯಲ್ಲಿ ಬಿರಿಯಾನಿಯ ಊಟ ಹಾಕುತ್ತಿದ್ದರೆಂದು ಹೇಳುತ್ತಾರೆ. ಎಮ್ಮೆಯ ಮಾಂಸದಿಂದ ಮಾಡುವ ಆ ಬಿರಿಯಾನಿ ಇಂದಿಗೂ ಹೈದರಾಬಾದಿನಲ್ಲಿ ‘ಕಲ್ಯಾಣಿ ಬಿರಿಯಾನಿ’ ಎಂದೇ ಮಾರಾಟವಾಗುತ್ತದೆ. ಬಡವರ ಜೇಬಿಗೆ ಒಗ್ಗುವ ಊಟವಾಗಿ ಅದು ಬೆಳೆದಿದೆ. ದೂರದಿಂದ ಬಂದವನ ಹೊಟ್ಟೆ ತುಂಬಿಸಿದ್ದಕ್ಕೆ ಒಂದು ಊರಿನ ಹೆಸರು ಪರಊರಿನಲ್ಲಿ ಉಳಿದಿದೆ.

ಓಡಾಡುವ ಕ್ರಮದ ಬಗ್ಗೆ ಕೆಲವು ಮಾತು. ಬೇಸಿಗೆಯಲ್ಲಿ ನಮ್ಮ ಬಿಸಿಲು ಸುಡುವಂಥದ್ದು, ಏಪ್ರಿಲ್ ಮೇ ತಿಂಗಳಲ್ಲಿ ನಾಲ್ಕು ಗಂಟೆಗೆ ಮೊದಲು ಕೋಟೆ ಹತ್ತಬೇಡಿ. ಮಳೆಗಾಲ ಮುಗಿದ ಮೇಲಿನ ತಿಂಗಳುಗಳು ಹಿತವಾಗಿರುತ್ತವೆ, ಕೆರೆಯಲ್ಲಿ ನೀರೂ ಇರುತ್ತದೆ. ಬೆಳಕಿರುವಾಗ ಕೋಟೆ, ಗವಿಗಳನ್ನು ಮುಗಿಸಿ. ಬಜಾರು, ದೇವಸ್ಥಾನಗಳಿಗೆ ಸಂಜೆ ಸಾಕು. ಭಾರದ ಚೀಲವನ್ನು ಪರಿಚಯದವರ ಅಂಗಡಿಯಲ್ಲೋ ನೆಂಟರ ಮನೆಯಲ್ಲೋ ಇಟ್ಟು, ಟಿಕೆಟು, ಹಣ, ಕಾಗದಪತ್ರ ಮಾತ್ರ ಮೈಮೇಲೆ ಇಟ್ಟುಕೊಳ್ಳಿ. ಬಸ್ಸು ಊರೊಳಗೆ ಬರುತ್ತದೋ ಸಸ್ತಾಪುರ ಬಂಗ್ಲಾದಲ್ಲೇ ನಿಲ್ಲುತ್ತದೋ ಎಂದು ಟಿಕೆಟು ತೆಗೆಯುವಾಗಲೇ ಕೇಳಿಕೊಳ್ಳಿ, ಕೊನೆಯ ಗಳಿಗೆಯ ಓಟ ತಪ್ಪುತ್ತದೆ. ಹೆದ್ದಾರಿಯ ಬದಿಯಲ್ಲಿ ಕತ್ತಲಲ್ಲಿ ಒಂಟಿಯಾಗಿ ನಿಲ್ಲುವುದಕ್ಕಿಂತ ನಾಲ್ಕು ಜನ ಇರುವ ಹೋಟೆಲಿನ ಬೆಳಕಿನಲ್ಲಿ ನಿಲ್ಲುವುದು ಲೇಸು.

ಆದರೆ ಇದೆಲ್ಲವನ್ನೂ ಪ್ರಯಾಣಿಕನ ಮೇಲೆಯೇ ಹೊರಿಸಿದರೆ ಸಾಲದು. 2019ರ ಸೆಪ್ಟೆಂಬರಿನಲ್ಲಿ ಈ ಸೀಮೆಗೆ ಕಲ್ಯಾಣ ಕರ್ನಾಟಕ ಎಂದು ಹೆಸರಿಟ್ಟೆವು. ಏಳು ಜಿಲ್ಲೆಗಳು ಯಾವ ಊರಿನ ಹೆಸರನ್ನು ಹೊತ್ತಿವೆಯೋ ಆ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದವನಿಗೆ ಮುಂದೆ ಎಲ್ಲಿಗೆ ಹೋಗಬೇಕು ಎಂಬುದು ತಾನಾಗಿ ಗೊತ್ತಾಗಬೇಕು. ಚೀಲ ಇಡಲು ಬೀಗವಿರುವ ಕೋಣೆ, ಹೆಣ್ಣುಮಕ್ಕಳು ಅಂಜದೆ ಹೋಗಬಹುದಾದ ಶೌಚಾಲಯ, ಕುಡಿಯುವ ನೀರು, ಗೋಡೆಯ ಮೇಲೆ ಊರಿನ ದೊಡ್ಡ ನಕ್ಷೆ, ಕೋಟೆಗೆ ಇಷ್ಟು, ಕೆರೆಗೆ ಇಷ್ಟು ಎಂದು ದೂರ ತೋರಿಸುವ ಫಲಕ. ಹುಮನಾಬಾದಿನಿಂದ ಮಾಣಿಕನಗರ, ಜಲಸಂಗ್ವಿ ಮುಟ್ಟಿ ಬರುವ, ಬಸವಕಲ್ಯಾಣದಿಂದ ನಾರಾಯಣಪುರದ ಚಾಲುಕ್ಯ ದೇವಾಲಯ ತೋರಿಸಿ ತರುವ ಒಂದು ಸುತ್ತುಬಸ್ಸು. ಇವು ಕೋಟಿಗಟ್ಟಲೆ ಹಣದ ಯೋಜನೆಗಳಲ್ಲ. ಹುಮನಾಬಾದ್ ಪುರಸಭೆ, ಬಸವಕಲ್ಯಾಣ ನಗರಸಭೆ, ಸಾರಿಗೆ ನಿಗಮ, ಪ್ರವಾಸೋದ್ಯಮ ಇಲಾಖೆ ಒಂದು ಮೇಜಿನ ಸುತ್ತ ಕೂತರೆ ಆಗುವ ಕೆಲಸ. ದೊಡ್ಡ ಮಂಟಪ, ದೊಡ್ಡ ಪ್ರತಿಮೆಗಳ ಜೊತೆಗೆ ಈ ಸಣ್ಣ ಅನುಕೂಲಗಳೂ ಬಂದರೆ ಮಾತ್ರ ಊರಿಗೆ ಬಂದವರು ಊರಿನಲ್ಲಿ ನಿಲ್ಲುತ್ತಾರೆ, ಬಜಾರಿನ ಅಂಗಡಿಯವರ ಕೈಯಲ್ಲೂ ನಾಲ್ಕು ಕಾಸು ಓಡಾಡುತ್ತದೆ.

ಮನೆಯ ಹಿರಿಯರಿಗೆ ಕೊನೆಯದಾಗಿ ಒಂದು ವಿನಂತಿ. ಮಗನನ್ನೋ ಮಗಳನ್ನೋ ಓದಿಗೆ, ನೌಕರಿಗೆ ಬಸ್ಸು ಹತ್ತಿಸಲು ಕರೆದುಕೊಂಡು ಬರುವ ದಿನ ಸಂಜೆಯ ಬದಲು ಮುಂಜಾನೆಯೇ ಹೊರಡಿ. ಜೊತೆಗೆ ಕೋಟೆ ಹತ್ತಿ, ಗವಿಯೊಳಗೆ ಇಳಿಯಿರಿ, ಮಾಣಿಕನಗರದಲ್ಲಿ ಪ್ರಸಾದ ತೆಗೆದುಕೊಳ್ಳಿ. ಪುಣೆಯಲ್ಲಿ, ಬೆಂಗಳೂರಿನಲ್ಲಿ ‘ನಿಮ್ಮದು ಯಾವ ಊರು’ ಎಂದು ಯಾರಾದರೂ ಕೇಳುತ್ತಾರೆ. ಆಗ ಮಕ್ಕಳು ಊರಿನ ಹೆಸರಿನ ಜೊತೆಗೆ ನಾಲ್ಕು ಮಾತು ತಿಳಿದು, ತಲೆಯೆತ್ತಿ ಹೇಳುವಂತಾಗಲಿ.